ಗೋಡೌನಿನ ಬೀಗದ ಕೈ

ಎರಡು ದಿನದಿಂದ ಕರೆಂಟಿಲ್ಲ. ಆಗುಂಬೆ ಕಡೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿದೆಯಂತೆ. ಮೇಣದಬತ್ತಿ ಹುಡುಕಲು ಕಪಾಟು ತೆಗೆದೆ, ಹಳೇ ರಟ್ಟಿನ ಫೈಲೊಂದು ಕೈಗೆ ಬಂತು. ಒಳಗೆ ನನ್ನದೇ ಅಕ್ಷರದಲ್ಲಿ ಒಂದು ಒಪ್ಪಂದ ಪತ್ರ. ಒಟ್ಟು ಎಂಟು ಕಲಮು. ಕೆಳಗೆ ಇಬ್ಬರು ದೊಡ್ಡ ಮನುಷ್ಯರ ಸಹಿ, ಸಾಕ್ಷಿಯ ಜಾಗದಲ್ಲಿ ನನ್ನದು. 2010ರ ನವೆಂಬರ್ ತಿಂಗಳು.

ಓದುತ್ತಾ ಹೋದ ಹಾಗೆ ನಗು ಬಂತು. ಐದನೇ ಕಲಮಿಗೆ ಬಂದಾಗ ನಗು ನಿಂತಿತು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದವನು. ಬೆಳೆಸಾಲ, ಗೊಬ್ಬರ, ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತ. ಇಷ್ಟೇ ನಮ್ಮ ಸಾಮ್ರಾಜ್ಯ. ಡೈರೆಕ್ಟರುಗಳು 12 ಜನ. ಐವರು ಹೊಳೆಯಾಚೆಯವರು, ಐವರು ಹೊಳೆಯೀಚೆಯವರು. ಉಳಿದ ಇಬ್ಬರು ಯಾರ ಕಡೆಗೂ ಪೂರ್ತಿ ವಾಲದವರು, ಹಾಗಾಗಿ ಅವರಿಗೇ ಬೆಲೆ ಜಾಸ್ತಿ. ಆಚೆಯ ಯಜಮಾನರಿಗೂ ಈಚೆಯ ಯಜಮಾನರಿಗೂ ಹಿಂದಿನ ತಲೆಮಾರಿನಿಂದಲೇ ಮಾತಿಲ್ಲ. ಚುನಾವಣೆ ಮುಗಿದು ಮೂರು ವಾರವಾದರೂ ಅಧ್ಯಕ್ಷರು ಯಾರು ಅಂತ ತೀರ್ಮಾನವಾಗಲಿಲ್ಲ. ಕೊನೆಗೆ ರಾಜಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಸಂಬಳ ತಗೊಳ್ಳುವವನು ನಾನೊಬ್ಬನೇ ಅಲ್ವಾ.

ಅದೇ ದಿನಗಳಲ್ಲಿ ಇರಾಕಿನಲ್ಲೂ ಇಂಥದ್ದೇ ಒಂದು ರಾಜಿ ನಡೆಯುತ್ತಿತ್ತು. ಅಲ್ಲಿ ಪ್ರಧಾನಿ ಕುರ್ಚಿಗೆ ಅಲ್ಲಾವಿ, ಮಾಲಿಕಿ ಅನ್ನುವ ಇಬ್ಬರ ಪೈಪೋಟಿ. ಸುನ್ನಿ, ಶಿಯಾ ಅಂತ ಮುಸ್ಲಿಮರ ಎರಡು ಪಂಗಡಗಳ ನಡುವಿನ ಮುನಿಸು ಬೇರೆ. ನನಗೆ ಅದರ ಹುಚ್ಚು ಹಿಡಿಸಿದವರು ಸೊಸೈಟಿ ಎದುರಿನ ಟೈಲರ್ ಸಾಹೇಬರು. ಬೆಂಗಳೂರಿನ ಉರ್ದು ಪೇಪರ್ ಅವರಿಗೆ ಒಂದು ದಿನ ತಡವಾಗಿ ಬರುತ್ತಿತ್ತು. ಹೊಲಿಗೆ ಮಿಷನ್ ಮೇಲೆ ಹರಡಿಕೊಂಡು ಓದಿ, ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

ಒಂದು ಸಲ ನಾನು, "ಅಲ್ಲಿ ಸುನ್ನಿಗಳ ಕಡೆಯಿಂದ ಅಲ್ಲಾವಿ, ಶಿಯಾಗಳ ಕಡೆಯಿಂದ ಮಾಲಿಕಿ, ಅಲ್ವಾ ಸಾಹೇಬ್ರೇ?" ಅಂದೆ.

"ಅಲ್ಲಾವೀನೂ ಶಿಯಾನೇ ಸೆಕ್ರೆಟ್ರೀ" ಅಂದರು. ಕತ್ತರಿ ಕೆಳಗಿಡಲಿಲ್ಲ. "ವೋಟು ಹಾಕಿದವರಲ್ಲಿ ಜಾಸ್ತಿ ಸುನ್ನಿಗಳು. ಇದು ನಮಾಜಿನ ಜಗಳ ಅಲ್ಲ. ಪೊಲೀಸ್ ಸ್ಟೇಷನ್ ಜಗಳ."

ಆಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಒಂದು ವರ್ಷದ ನಂತರ ಆಯಿತು.

ನಡೆದದ್ದು ಹೀಗೆ. 2010ರ ಮಾರ್ಚ್ 7ರಂದು ಇರಾಕಿನಲ್ಲಿ ಚುನಾವಣೆ. 325 ಸೀಟು. ಅಯಾದ್ ಅಲ್ಲಾವಿಯವರ ಇರಾಕಿಯಾ ಕೂಟಕ್ಕೆ 91. ಆಗಲೇ ಪ್ರಧಾನಿಯಾಗಿದ್ದ ನೂರಿ ಅಲ್ ಮಾಲಿಕಿಯವರ ಕೂಟಕ್ಕೆ 89. ಎರಡೇ ಸೀಟಿನ ಅಂತರ. ಮಾಲಿಕಿ ಬಾಗ್ದಾದಿನ ವೋಟು ಮತ್ತೆ ಎಣಿಸಿ ಅಂದರು, ಎಣಿಸಿದರು, ಲೆಕ್ಕ ಬದಲಾಗಲಿಲ್ಲ. ಆದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ಆಗಿಹೋಗಿತ್ತು. ಸರ್ಕಾರ ರಚಿಸಲು ಅತಿ ದೊಡ್ಡ ಗುಂಪನ್ನು ಕರೆಯಬೇಕು ಅಂತ ಅಲ್ಲಿನ ಸಂವಿಧಾನ ಹೇಳುತ್ತದೆ. ಆ ದೊಡ್ಡ ಗುಂಪು ಚುನಾವಣೆ ಮುಗಿದ ಮೇಲೆ ಒಟ್ಟು ಸೇರಿಕೊಂಡದ್ದೂ ಆಗಬಹುದು ಅಂತ ಕೋರ್ಟು ಹೇಳಿಬಿಟ್ಟಿತು, ಅದೂ ಫಲಿತಾಂಶ ಬರುವ ಹಿಂದಿನ ದಿನ. ಗೆದ್ದವರು ಅಲ್ಲಾವಿ, ದಾರಿ ತೆರೆದದ್ದು ಮಾಲಿಕಿಗೆ. ನಾನೇ ಇರಾಕಿಯಾಗೆ ವೋಟು ಹಾಕಿದವನಾಗಿದ್ದರೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಥವಾ ದೊಣ್ಣೆ ಹಿಡಿದು ಬರುತ್ತಿದ್ದೆ.

ಎಂಟು ತಿಂಗಳು ಯಾರೂ ಬಗ್ಗಲಿಲ್ಲ. ಮಧ್ಯಸ್ಥಿಕೆಗೆ ಜನ ಕಡಿಮೆ ಇರಲಿಲ್ಲ. ಅಮೆರಿಕದಿಂದ ಉಪಾಧ್ಯಕ್ಷ ಜೋ ಬೈಡನ್ ಬಂದು ಹೋಗುತ್ತಿದ್ದರು. ಸೌದಿಯ ದೊರೆ ನಮ್ಮಲ್ಲಿಗೆ ಬನ್ನಿ ಅಂದರು, ಅದು ಮಾಲಿಕಿ ಕಡೆಯವರಿಗೆ ಬೇಡವಾಯಿತು. ಅಧ್ಯಕ್ಷರ ಕುರ್ಚಿಯನ್ನು ಅಲ್ಲಾವಿಗೆ ಬಿಟ್ಟುಕೊಡಿ ಅಂತ ಒಬಾಮಾ ನೇರವಾಗಿ ಆಗಿನ ಇರಾಕ್ ಅಧ್ಯಕ್ಷ ಜಲಾಲ್ ತಲಬಾನಿಗೆ ಫೋನು ಮಾಡಿದರು. ತಲಬಾನಿ ಕುರ್ದರು, ಅಂದರೆ ಇರಾಕಿನ ಉತ್ತರ ಭಾಗದ ಬೇರೆಯೇ ಒಂದು ಜನಾಂಗದವರು. ಆ ಕುರ್ಚಿ ಕುರ್ದರ ಪಾಲಿಗೆ ಬಂದದ್ದು, ಒಪ್ಪಲಿಲ್ಲ. ಕೊನೆಗೆ ಇನ್ನೊಬ್ಬ ಕುರ್ದ್ ನಾಯಕ ಮಸೂದ್ ಬರ್ಜಾನಿ ಎಲ್ಲರನ್ನೂ ತಮ್ಮ ಊರು ಎರ್ಬಿಲ್‌ಗೆ ಕರೆಸಿ ಕೂರಿಸಿದರು. ಇದು ನನಗೆ ತಕ್ಷಣ ಅರ್ಥವಾದ ವಿಷಯ. ಇಬ್ಬರ ಮನೆಯೂ ಅಲ್ಲದ ಮೂರನೇ ಜಗಲಿ ಬೇಕು. ನಾನೂ ಆ ಇಬ್ಬರು ನಡುವಿನವರಲ್ಲಿ ಒಬ್ಬರ ಮನೆ ಜಗಲಿಯನ್ನೇ ಹಿಡಿದಿದ್ದೆ. ಕಾಫಿ, ಕೋಡುಬಳೆ ಎಲ್ಲ ಅವರದೇ ಖರ್ಚು.

ಎರ್ಬಿಲ್‌ನಲ್ಲಿ ಏನು ಹಂಚಿದರು ನೋಡಿ. ಪ್ರಧಾನಿ ಮಾಲಿಕಿಯೇ. ಅಧ್ಯಕ್ಷ ತಲಬಾನಿಯೇ. ಸ್ಪೀಕರ್ ಕುರ್ಚಿ ಇರಾಕಿಯಾ ಕೂಟದ ಸುನ್ನಿ ನಾಯಕ ಒಸಾಮಾ ಅಲ್ ನುಜೈಫಿಗೆ. ಹಾಗಾದರೆ ಗೆದ್ದ ಅಲ್ಲಾವಿಗೆ? ಅವರಿಗಾಗಿ ಒಂದು ಹೊಸ ಮಂಡಳಿಯನ್ನೇ ಹುಟ್ಟಿಸಿದರು. ದೇಶದ ಭದ್ರತೆ, ದೊಡ್ಡ ನೀತಿಗಳ ಬಗ್ಗೆ ಯೋಚಿಸುವ ಮಂಡಳಿ. ಸಂವಿಧಾನದಲ್ಲಿ ಅಂಥದ್ದೊಂದು ಇರಲಿಲ್ಲ. ಅದಕ್ಕೆ ಎಷ್ಟು ಅಧಿಕಾರ, ಅದು ಹೇಳಿದ್ದನ್ನು ಪ್ರಧಾನಿ ಕೇಳಲೇಬೇಕಾ, ಇದನ್ನೆಲ್ಲ ಆಮೇಲೆ ನೋಡೋಣ ಅಂತ ಬಿಟ್ಟರು.

ನನ್ನ ಪತ್ರದ ಐದನೇ ಕಲಮು ಇದೇ! ಅಧ್ಯಕ್ಷಗಿರಿ ಆಚೆಯ ಯಜಮಾನರಿಗೆ ಹೋಗಿತ್ತು. "ಸಂಘದ ಸಲಹಾ ಸಮಿತಿಯ ಅಧ್ಯಕ್ಷರಾಗಿ" ಈಚೆಯ ಯಜಮಾನರು ಇರತಕ್ಕದ್ದು ಅಂತ ಬರೆದಿದ್ದೇನೆ. ನಮ್ಮ ಬೈಲಾದಲ್ಲಿ ಸಲಹಾ ಸಮಿತಿ ಅನ್ನುವ ಶಬ್ದವೇ ಇಲ್ಲ. ನನಗೆ ಗೊತ್ತಿತ್ತು. ಬೈಲಾ ಬಾಯಿಪಾಠ ಇದ್ದ ಮನುಷ್ಯ ನಾನು. ಆದರೆ ಆಡಿಟ್ ಹತ್ತಿರ ಬಂದಿತ್ತು, ಅಡಿಕೆ ಕೊಯ್ಲು ಬೇರೆ ತಲೆ ಮೇಲೆ, ಸಹಿ ಬಿದ್ದರೆ ಸಾಕಾಗಿತ್ತು. ಗೋಡೌನಿನ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಎಂಟು ಕಲಮಿನಲ್ಲಿ ಎಲ್ಲೂ ಇಲ್ಲ. ಎತ್ತಿದರೆ ಇಬ್ಬರೂ ಎದ್ದು ಹೋಗುತ್ತಾರೆ ಅಂತ ಗೊತ್ತಿದ್ದೇ ಎತ್ತಲಿಲ್ಲ.

ಅಲ್ಲೂ ಹಾಗೇ. ಬೀಗದ ಕೈ ಅಂದರೆ ಅಲ್ಲಿ ರಕ್ಷಣೆ ಮತ್ತು ಒಳಾಡಳಿತ, ಅಂದರೆ ಸೈನ್ಯ ಮತ್ತು ಪೊಲೀಸ್. 2010ರ ಡಿಸೆಂಬರ್ 21ಕ್ಕೆ ಸರ್ಕಾರ ಬಂತು, ಈ ಖಾತೆಗಳಿಗೆ ಮಂತ್ರಿಗಳು ಬರಲಿಲ್ಲ. ಸದ್ಯಕ್ಕೆ ಅಂತ ಪ್ರಧಾನಿಯೇ ಇಟ್ಟುಕೊಂಡರು. ಒಳಾಡಳಿತ ಖಾತೆ ಅವರ ಅವಧಿ ಮುಗಿಯುವವರೆಗೂ ಅವರ ಹತ್ತಿರವೇ ಇತ್ತು. ನಮ್ಮಲ್ಲೂ ಸದ್ಯಕ್ಕೆ ಅಂತ ಅಧ್ಯಕ್ಷರ ಜೇಬು ಸೇರಿದ ಬೀಗದ ಕೈ ಜೂನ್ ಬಂದರೂ ಹೊರಗೆ ಬರಲಿಲ್ಲ. ಅಲ್ಲಾವಿ ಕೆಲವೇ ತಿಂಗಳಲ್ಲಿ ಆ ಮಂಡಳಿಯ ಆಸೆ ಬಿಟ್ಟರು. ಅದು ರಚನೆ ಆಗಲೇ ಇಲ್ಲ. ನಮ್ಮ ಸಲಹಾ ಸಮಿತಿಯಾದರೂ ಒಂದು ಸಲ ಸಭೆ ಸೇರಿತ್ತು, ಅಷ್ಟರ ಮಟ್ಟಿಗೆ ನಾವೇ ವಾಸಿ.

ಮಾತು ಕೊಟ್ಟು ತಪ್ಪುವ ಕಥೆ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. 2006ರ 20-20 ಸರ್ಕಾರ ಯಾರಿಗೆ ನೆನಪಿಲ್ಲ? 20 ತಿಂಗಳು ಅವರು, 20 ತಿಂಗಳು ಇವರು ಅಂತ ಮಾತು. 2007ರ ಅಕ್ಟೋಬರಿನಲ್ಲಿ ಕುರ್ಚಿ ಕೊಡುವ ದಿನ ಬಂದಾಗ ಕೊಡಲಿಲ್ಲ. ನವೆಂಬರಿನಲ್ಲಿ ಶಿಕಾರಿಪುರದ ಯಡಿಯೂರಪ್ಪನವರು ಪ್ರಮಾಣವಚನ ಮಾಡಿದರು, ಒಂದು ವಾರ ಉಳಿಯಿತು. ಆದರೆ ಆ ಮುನಿಸು ಮುಂದಿನ ಚುನಾವಣೆಯಲ್ಲಿ ವೋಟಾಗಿ ಹೊರಬಂತು. ಯಾರೂ ಊರು ಬಿಟ್ಟು ಓಡಬೇಕಾಗಿರಲಿಲ್ಲ. ಇರಾಕಿಗೂ ನಮಗೂ ಹೋಲಿಕೆ ಮಾಡುವಾಗ ನಾನು ಇಲ್ಲಿಗೆ ನಿಲ್ಲಿಸಿ ಒಂದು ಸಲ ಉಸಿರು ಬಿಡುತ್ತೇನೆ.

ಯಾಕೆಂದರೆ 2011ರ ಡಿಸೆಂಬರ್ 18ಕ್ಕೆ ಅಮೆರಿಕದ ಕೊನೆಯ ಸೈನಿಕರು ಇರಾಕ್ ದಾಟಿದರು. ಮರುದಿನವೇ, ಅಂದರೆ 19ಕ್ಕೆ, ಉಪಾಧ್ಯಕ್ಷ ತಾರಿಕ್ ಅಲ್ ಹಾಶಿಮಿ ಮೇಲೆ ಬಂಧನದ ವಾರಂಟ್. ಅವರು ಸರ್ಕಾರದಲ್ಲಿದ್ದ ದೊಡ್ಡ ಸುನ್ನಿ ನಾಯಕ. ಕೊಲೆ ತಂಡ ನಡೆಸುತ್ತಿದ್ದರು ಅಂತ ಆರೋಪ. ಅವರ ಅಂಗರಕ್ಷಕರ ತಪ್ಪೊಪ್ಪಿಗೆಯನ್ನು ಟಿವಿಯಲ್ಲೇ ತೋರಿಸಿದರು. ಹಾಶಿಮಿ ಎಲ್ಲ ಸುಳ್ಳು ಅಂದರು. ಆ ಹೊತ್ತಿಗೆ ಅವರು ಕುರ್ದರ ಪ್ರದೇಶ ಸೇರಿಕೊಂಡಿದ್ದರು, ಆಮೇಲೆ ದೇಶವನ್ನೇ ಬಿಟ್ಟರು. 2012ರ ಸೆಪ್ಟೆಂಬರಿನಲ್ಲಿ ಅವರಿಲ್ಲದೆಯೇ ವಿಚಾರಣೆ ಮುಗಿದು ಮರಣದಂಡನೆ. ಉಪಪ್ರಧಾನಿ ಸಾಲೆಹ್ ಅಲ್ ಮುತ್ಲಕ್ ಇನ್ನೊಬ್ಬ ಸುನ್ನಿ. ಅವರು ಟಿವಿಯಲ್ಲಿ ಮಾಲಿಕಿಯನ್ನು ಸರ್ವಾಧಿಕಾರಿ ಅಂದದ್ದಕ್ಕೆ ಅವರನ್ನು ತೆಗೆಯಿರಿ ಅಂತ ಮಾಲಿಕಿ ಸಂಸತ್ತನ್ನು ಕೇಳಿದರು. ಇರಾಕಿಯಾದವರು ಸಭೆಗೆ ಬರುವುದನ್ನೇ ಬಿಟ್ಟರು.

ಅವತ್ತು ಸಾಹೇಬರ ಅಂಗಡಿಗೆ ಹೋದರೆ ಪೇಪರ್ ಮಡಚಿ ಇಟ್ಟಿದ್ದರು. "ನೋಡಿದ್ರಾ, ನಾನು ಹೇಳ್ಲಿಲ್ವಾ?" ಅನ್ನಬಹುದು ಅಂತ ಕಾದೆ. ಅನ್ನಲಿಲ್ಲ. "ಪೊಲೀಸ್ ಅವರ ಕೈಲಿತ್ತು" ಅಂದರು ಅಷ್ಟೇ. ನಂತರ ನನ್ನ ಪ್ಯಾಂಟಿನ ಅಳತೆ ತಗೊಂಡರು.

ನನಗೆ ಜಾಸ್ತಿ ಮರುಕ ಇರುವುದು ತಲಬಾನಿ ಬಗ್ಗೆ. ಆ ಮನುಷ್ಯ ಎರಡೂ ಕಡೆಯವರ ಹತ್ತಿರ ಮಾತಾಡುತ್ತಾ, ಎಲ್ಲರನ್ನೂ ಒಂದು ಸಮಾವೇಶಕ್ಕೆ ಸೇರಿಸಬೇಕು ಅಂತ ತಿಂಗಳುಗಟ್ಟಲೆ ಓಡಾಡಿದರು. 2012ರಲ್ಲಿ ಬರ್ಜಾನಿ, ಅಲ್ಲಾವಿ, ಶಿಯಾ ಧರ್ಮಗುರು ಮುಕ್ತದಾ ಸದರ್ ಕಡೆಯವರು ಸೇರಿ ಮಾಲಿಕಿಯನ್ನು ಇಳಿಸಲು ಸಹಿ ಸಂಗ್ರಹ ಮಾಡಿದಾಗ, ಅದನ್ನು ಸಂಸತ್ತಿಗೆ ಕಳಿಸದೆ ಕೈಬಿಟ್ಟವರೂ ಅವರೇ. ಸರಿಯೋ ತಪ್ಪೋ, ಮುರಿಯದಿರಲಿ ಅನ್ನುವ ಜಾತಿ. ಆ ಡಿಸೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಜರ್ಮನಿಗೆ ಒಯ್ದರು. ಅದೇ ವಾರ ಸುನ್ನಿ ಹಣಕಾಸು ಮಂತ್ರಿ ರಫಿ ಅಲ್ ಇಸಾವಿಯವರ ಅಂಗರಕ್ಷಕರನ್ನು ಹಿಡಿದರು. ಸುನ್ನಿಗಳೇ ಹೆಚ್ಚಿರುವ ಅನ್ಬಾರ್ ಪ್ರಾಂತ್ಯದ ಜನ ಹೆದ್ದಾರಿಯಲ್ಲಿ ಬಂದು ಕೂತರು. ಮುಂದೆ 2014ರ ಜೂನಿನಲ್ಲಿ ಐಸಿಸ್ ಉಗ್ರರು ಮೊಸುಲ್ ನಗರ ಹಿಡಿಯುವವರೆಗೂ ಹೋಯಿತು. ಆಗಸ್ಟಿನಲ್ಲಿ ಮಾಲಿಕಿ ಇಳಿಯಲು ಒಪ್ಪಿದರು.

ಅಮೆರಿಕದವರನ್ನು ಬೈಯುವುದು ಸುಲಭ. ಹೊರಡುವ ತಾರೀಖು ಗೋಡೆಗೆ ಬರೆದಿಟ್ಟು ರಾಜಿಗೆ ಕೂತವರು ಅವರು. ಆದರೆ ಅವರ ಅವಸರ ನನಗೆ ಗೊತ್ತು. ನನಗೂ ಆಡಿಟ್ ತಾರೀಖು ಇತ್ತು.

ನಮ್ಮ ಕಥೆಗೆ ಬರುತ್ತೇನೆ. 2011ರ ಮಳೆಗಾಲ. ಕೊಳೆ ರೋಗ ಶುರುವಾಗಿದೆ. ಮಳೆ ಸ್ವಲ್ಪ ಹೊಳವಾದಾಗ ಔಷಧಿ ಹೊಡೆಸಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದು ಒಂದು ದಿನ, ಆ ದಿನ ಮೈಲುತುತ್ತ ಕೈಯಲ್ಲಿ ಇರಬೇಕು. ಗೋಡೌನ್ ಅಧ್ಯಕ್ಷರಿಗೆ ಬೇಕಾದಾಗ ತೆರೆಯಿತು, ಬೇಡವಾದಾಗ ಮುಚ್ಚಿತು. ಹೊಳೆಯೀಚೆಯ ಎಷ್ಟೋ ತೋಟಗಳಿಗೆ ಮೊದಲ ಔಷಧಿ ತಪ್ಪಿತು. ಅವರ ಐದೂ ಡೈರೆಕ್ಟರುಗಳು ಸಭೆಗೆ ಬರುವುದನ್ನು ಬಿಟ್ಟರು. ನಡುವಿನ ಇಬ್ಬರೂ ಮನೆಯಲ್ಲೇ ಕೂತರು. ಕೋರಂ ಇಲ್ಲ. ಸಾಲದ ಅರ್ಜಿಗಳು ಮೇಜಿನ ಮೇಲೆ ಬೂಸಲು ಹಿಡಿದವು. ಒಬ್ಬ ವಿಧವೆ ಹೆಂಗಸು ನಾಲ್ಕು ಸಲ ಮಳೆಯಲ್ಲಿ ನೆನೆದು ಬಂದು ಹೋದರು. ಐದನೇ ಸಲ ಬಂದಾಗ ಏನೂ ಕೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ಅವತ್ತು ರಾತ್ರಿ ಹೊಸ ಪತ್ರವೇನೂ ಬರೆಯಲಿಲ್ಲ. ಬೆಳಗ್ಗೆ ಪೇಟೆಗೆ ಹೋಗಿ ಒಂದು ದೊಡ್ಡ ಬೀಗ ತಂದೆ. ಇದ್ದ ಚಿಲಕದ ಕೆಳಗೆ ಇನ್ನೊಂದು ಚಿಲಕ ಹೊಡೆಸಿದೆ. ಹಳೇ ಬೀಗದ ಕೈ ಅಧ್ಯಕ್ಷರ ಹತ್ತಿರವೇ ಇರಲಿ ಅಂದೆ. ಹೊಸದನ್ನು ಈಚೆಯ ಯಜಮಾನರ ಮನೆಗೆ ಹೋಗಿ ಅವರ ಕೈಗೇ ಕೊಟ್ಟು ಬಂದೆ. ಅಧ್ಯಕ್ಷರು ಕೂಗಾಡಿದರು. "ಯಾರನ್ನ ಕೇಳಿ ಹಾಕಿದ್ರಿ ಸೆಕ್ರೆಟ್ರೀ?" ಬೇಕಾದರೆ ನನ್ನನ್ನು ಸಸ್ಪೆಂಡ್ ಮಾಡಿ, ಅದಕ್ಕೂ ಕೋರಂ ಬೇಕು ಅಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತ ನಮ್ಮನೆಯವಳು ಇವತ್ತಿಗೂ ಕೇಳುತ್ತಾಳೆ.

ಇದು ಇರಾಕಿಗೆ ಮದ್ದು ಅಂತ ನಾನು ಹೇಳುತ್ತಿಲ್ಲ. ಒಂದು ಸೈನ್ಯಕ್ಕೆ ಎರಡು ಬೀಗ ಹಾಕಿದರೆ ಎರಡು ಸೈನ್ಯ ಆಗಬಹುದು ಅಂತ ಸಾಹೇಬರು ಆಗಲೇ ಅಂದಿದ್ದರು. ಇರಬಹುದು.

ಎರಡು ಬೀಗ ಬಿದ್ದ ಮೇಲೆ ಮೊದಲ ಸಲ ಮೈಲುತುತ್ತ ಹಂಚುವ ದಿನ. ಬೆಳಗ್ಗೆ ಏಳು ಗಂಟೆ, ಹನಿ ಕಡಿಯದ ಮಳೆ. ಅಧ್ಯಕ್ಷರು ಬಂದರು. ಈಚೆಯ ಯಜಮಾನರೂ ಬಂದರು, ಬೀಗದ ಕೈ ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದರು. ಹುಡುಗನನ್ನು ಬೈಕಿನಲ್ಲಿ ಓಡಿಸಿದರು. ಹೋಗಿ ಬರಲು ಒಂದು ಗಂಟೆ. ನಿಲ್ಲಲು ಎಲ್ಲೂ ಜಾಗವಿಲ್ಲ. ಟೈಲರ್ ಸಾಹೇಬರು ಅಂಗಡಿಯ ಬೆಂಚು ಒರೆಸಿ ಇಬ್ಬರನ್ನೂ ಕೂರಿಸಿದರು. ಅರ್ಧ ಗಂಟೆ ಇಬ್ಬರೂ ಮಳೆ ನೋಡಿದರು. ಆಮೇಲೆ ಅಡಿಕೆ ರೇಟಿನ ಬಗ್ಗೆ ಯಾರೋ ಒಬ್ಬರು ಒಂದು ಮಾತು ಆಡಿದರು, ಯಾರು ಮೊದಲು ಅಂತ ನನಗೆ ಕೇಳಿಸಲಿಲ್ಲ. ಹುಡುಗ ಬೀಗದ ಕೈ ತರುವ ಹೊತ್ತಿಗೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು.