ಕಲ್ಲು ಓದಿಸಿದ ಮೇಷ್ಟ್ರು

ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಂದಿನಿಂದ ಬಸವನಗುಡಿಯ ಶಾಲೆಯ ದಿನಗಳು ಬಿಡದೆ ನೆನಪಾಗುತ್ತಿವೆ. ನಾನು ಹುಟ್ಟಿ ಬೆಳೆದದ್ದು ಪುರಾತತ್ತ್ವದವರ ಮನೆಯಲ್ಲಿ. ತಾತ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ದುಡಿದವರು. ಅಪ್ಪ ಶಾಸನಗಳ ಅಕ್ಷರಗಳನ್ನು ಕಾಗದಕ್ಕೆ ಇಳಿಸಿ ಪಡಿಯಚ್ಚು ತೆಗೆಯುತ್ತಿದ್ದರು. ರಜೆ ಬಂತೆಂದರೆ ನಮ್ಮ ವಾಸ ಡೇರೆಯಲ್ಲಿ. ಕಪ್ಪು-ಕೆಂಪು ಮಡಕೆಯ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಚಾಪೆಯ ಮೇಲೆ ಒಣಹಾಕುವುದು ಮಕ್ಕಳ ಪಾಲಿನ ಕೆಲಸ. ಮಣ್ಣಿನ ಯಾವ ಸ್ತರದ್ದೆಂದು ತಿಳಿಯದ ಚೂರಿಗೆ ಬೆಲೆಯಿಲ್ಲವೆಂಬುದನ್ನು ಮಗ್ಗಿಗಿಂತ ಮೊದಲೇ ಕಲಿತಿದ್ದೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ, ವರ್ಷವರ್ಷವೂ ಸುಣ್ಣ ಬಳಿದು ಅಕ್ಷರವೇ ಕಾಣದಂತಾಗಿದ್ದ ಶಾಲೆಯ ಅಡಿಗಲ್ಲಿನ ಮೇಲೆ ನನ್ನ ಕಣ್ಣು ಬಿತ್ತು. ಆಟದ ಪೀರಿಯಡ್ಡಿನಲ್ಲಿ ಗೆಳೆಯರೊಡನೆ ಸುಣ್ಣ ಉಜ್ಜಿ ತೆಗೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರಗಳ ಹಳ್ಳಕ್ಕೆ ಇಳಿಯುವವರೆಗೂ ಅಪ್ಪನ ಬ್ರಷ್ಷಿನಿಂದ ಬಡಿದು, ಬಟ್ಟೆಯ ಉಂಡೆಯಿಂದ ಮಸಿ ಒತ್ತಿದೆ. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರಗಳು ಎದ್ದವು. ಗೋಡೆಯೂ ನಮ್ಮ ಅಂಗಿಗಳೂ ಕಪ್ಪಾದವು. ಬೆತ್ತ ಹಿಡಿದು ಬಂದ ಹೆಡ್ಮಾಸ್ಟರನ್ನು ತಡೆದು ಮೇಷ್ಟ್ರು, "ಹೊಡೆಯೋದು ಆಮೇಲಿರಲಿ ಸಾರ್, ಮೊದಲು ಓದಲಿ" ಎಂದರು. ದಾನಿಗಳ ಹೆಸರುಗಳ ಕೆಳಗೆ, ಕೊನೆಯ ಸಾಲಿನಲ್ಲಿ, ಕಲ್ಲುಕುಟಿಗನ ಹೆಸರಿತ್ತು. ಅದನ್ನು ಸುಣ್ಣದಡಿಯಿಂದ ಹೊರತೆಗೆದು ಓದಿದವನು ನಾನೆಂಬ ಹೆಮ್ಮೆ ಇಂದಿಗೂ ಇದೆ.

ಮುಂದಿನ ಶನಿವಾರ ಮೇಷ್ಟ್ರು ಇಡೀ ತರಗತಿಯನ್ನು ಕಸ್ತೂರ್ಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಆತಕೂರು ಶಾಸನದ ಮುಂದೆ ನಿಲ್ಲಿಸಿದರು. ನಮ್ಮ ಮನೆಯಲ್ಲಿ ಅದರ ಮಾತು ಬಂದಾಗಲೆಲ್ಲ ಕ್ರಿ.ಶ. 949–50, ರಾಷ್ಟ್ರಕೂಟರ ದೊರೆ ಮೂರನೆಯ ಕೃಷ್ಣ, ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನ ಸಾವು, ಇವಿಷ್ಟೇ ಚರ್ಚೆ. ಮೇಷ್ಟ್ರು ಹೇಳಿದ್ದು ಕಾಳಿ ಎಂಬ ನಾಯಿಯ ಕಥೆ: ಮೆಚ್ಚಿದೆ, ಬೇಕಾದ್ದು ಕೇಳು ಎಂದು ಅರಸ ಹೇಳಿದಾಗ ಮಣಲೆರನೆಂಬ ವೀರ ಕೇಳಿದ್ದು ಆ ನಾಯಿಯನ್ನು, ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ನಾಯಿಯೂ ಹಂದಿಯೂ ಸೆಣಸುವ ಕೆತ್ತನೆಯನ್ನು ತೋರಿಸುತ್ತ ಅವರ ದನಿ ಕಟ್ಟಿತು. ಮನೆ ನನಗೆ ಕಾಲವನ್ನು ಎಣಿಸಲು ಕಲಿಸಿತ್ತು. ಆ ಕಾಲದಲ್ಲಿ ಬದುಕಿದವರಿಗಾಗಿ ಮರುಗುವುದನ್ನು ಕಲಿಸಿದವರು ಮೇಷ್ಟ್ರು.

ಬೆಂಗಳೂರಿನ ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರ ಶಾಸನ ನಗರದ ಬೇಗೂರಿನಲ್ಲೇ ಇದ್ದರೂ ಇಂದಿನ ಶಾಲಾ ಪ್ರವಾಸಗಳು ವಾಟರ್ ಪಾರ್ಕುಗಳಿಗೆ ಹೋಗುತ್ತವೆ. ಇತಿಹಾಸವನ್ನು ಪರದೆಯ ಮೇಲೆ ನೋಡುವ ಮಕ್ಕಳಿಗೆ ಕಲ್ಲನ್ನು ಮುಟ್ಟಿ ನೋಡುವ ಭಾಗ್ಯವಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ನಮ್ಮ ಶಾಲೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವರೆಂದು ಕೇಳಿದೆ. ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹ ಒಂದೇ: ಅಡಿಗಲ್ಲನ್ನು ಒಡೆಯದೆ ಎತ್ತಿ, ಹೊಸ ಕಟ್ಟಡದ ಬಾಗಿಲ ಬಳಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ನಿಲ್ಲಿಸಿ. ಅದರ ಖರ್ಚನ್ನು ನಾವು, ಮೇಷ್ಟ್ರ ಶಿಷ್ಯರು, ಕೊಡುತ್ತೇವೆ.