ಎಚ್‌ಎಂಟಿ ಕಟ್ಟಿಕೊಂಡು ಗ್ರೀನಿಚ್‌ಗೆ

ಇಂಗ್ಲೆಂಡಿನ ಆ ಊರಿನ ಹೆಸರು ರೀಡಿಂಗ್ ಅಲ್ಲ, ರೆಡಿಂಗ್. ಮಗಳು ಅಲ್ಲಿಗೆ ಹೋಗಿ ನಾಲ್ಕು ವರ್ಷವಾದರೂ ನಾನು ಎಲ್ಲರ ಹತ್ತಿರ ರೀಡಿಂಗ್ ಅಂತಲೇ ಹೇಳಿಕೊಂಡು ಬಂದಿದ್ದೆ. "ಅಪ್ಪ, ಇಲ್ಲಿ ಬಂದು ಹಾಗೆ ಕೇಳಿದರೆ ಲೈಬ್ರರಿ ತೋರಿಸುತ್ತಾರೆ" ಅಂತ ಅವಳು ಫೋನಿನಲ್ಲಿ ನಕ್ಕಳು. ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಮೂರು ವಾರಕ್ಕೆಂದು ಹೊರಟೆವು. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ.

ನಾನು 34 ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನು. ಅರಸೀಕೆರೆ, ಬೀರೂರು, ಮಧ್ಯೆ ಹೆಸರು ಹೇಳಿದರೂ ಗೊತ್ತಾಗದ ಸಣ್ಣ ಸ್ಟೇಷನ್‌ಗಳು. ದಿನಾ ಸಂಜೆ 4 ಗಂಟೆಗೆ ಕಂಟ್ರೋಲ್‌ನಿಂದ ಸರಿಯಾದ ಸಮಯ ಬರುತ್ತಿತ್ತು. ಸ್ಟೇಷನ್ನಿನ ಗಡಿಯಾರವನ್ನು ಅದಕ್ಕೆ ಹೊಂದಿಸಿ, ಆಮೇಲೆ ನನ್ನ ವಾಚನ್ನೂ ಹೊಂದಿಸುತ್ತಿದ್ದೆ. ಅದೇ ವಾಚು ಇವತ್ತಿಗೂ ಕೈಯಲ್ಲಿದೆ. ಕೀ ಕೊಡುವ ಎಚ್‌ಎಂಟಿ, ಅಂಕಿಗಳಿಲ್ಲದ, ಬರೀ ಗೆರೆಗಳಿರುವ ಡಯಲ್ಲು. ವಿಮಾನ ಇಳಿದ ತಕ್ಷಣ ಮಗಳು "ನಾಲ್ಕೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ" ಅಂದಳು. ನಾನು ಒಪ್ಪಲಿಲ್ಲ. ಊರಲ್ಲಿರುವ ಅಮ್ಮನಿಗೆ ರಾತ್ರಿ 8ಕ್ಕೆ ಸರಿಯಾಗಿ ಫೋನ್ ಮಾಡಬೇಕು, ಐದು ನಿಮಿಷ ತಡವಾದರೂ ಗಾಬರಿಯಾಗುತ್ತಾರೆ. ಹಾಗಾಗಿ ವಾಚು ಭಾರತದ ಸಮಯದಲ್ಲೇ ಇರಲಿ ಅಂತ ಬಿಟ್ಟೆ.

ಸಮಯದ ತೊಂದರೆ ನಿಜವಾಗಿ ಶುರುವಾದದ್ದು ನನ್ನ ಹೆಂಡತಿಗೆ. ಮುಸ್ಸಂಜೆ ದೀಪ ಹಚ್ಚಬೇಕು, ಆದರೆ ಮುಸ್ಸಂಜೆಯೇ ಆಗುತ್ತಿಲ್ಲ! ಆರೂವರೆ ಆಯಿತು, ಏಳೂವರೆ ಆಯಿತು, ಹೊರಗೆ ನಮ್ಮ ನಾಲ್ಕು ಗಂಟೆಯ ಬಿಸಿಲು. ಸೂರ್ಯ ಮುಳುಗುವ ಹೊತ್ತಿಗೆ ಒಂಬತ್ತು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಎರಡನೇ ದಿನ ಅವಳು ಬೇಸತ್ತು, ನನ್ನ ವಾಚು ನೋಡಿ ಅದರ ಆರೂವರೆಗೇ ದೀಪ ಹಚ್ಚಿಬಿಟ್ಟಳು. ಅಂದರೆ ಅಲ್ಲಿಯ ಮಟಮಟ ಮಧ್ಯಾಹ್ನ ಎರಡು ಗಂಟೆಗೆ. ಜೊತೆಗೆ ಎರಡು ಊದಿನಕಡ್ಡಿ. ಚಾವಣಿಯಲ್ಲಿದ್ದ ಹೊಗೆ ಅಲಾರಾಂ ಬೀದಿಗೆಲ್ಲ ಕೇಳುವಂತೆ ಕಿರುಚಿತು. ಮಗಳು ಟವೆಲ್ ಬೀಸುತ್ತಾ, "ಅಮ್ಮ, ದೀಪ ಸಾಕು, ಕಡ್ಡಿ ಬೇಡ" ಅಂದಳು.

ಲಂಡನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಹೋದವರೆಲ್ಲ ಬರೆದಿದ್ದಾರೆ. ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದವರಿಗೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಕಂಡಕ್ಟರ್ ಇಲ್ಲ, ಚಿಲ್ಲರೆ ಜಗಳ ಇಲ್ಲ, ಸ್ವಲ್ಪ ಬೇಜಾರೇ ಆಯಿತು. ಪಾರ್ಲಿಮೆಂಟ್ ಪಕ್ಕದ ದೊಡ್ಡ ಗಡಿಯಾರದ ಕೆಳಗೆ ಮಾತ್ರ ನಾನು ಕದಲಲಿಲ್ಲ. ಬಿಗ್ ಬೆನ್ ಅನ್ನುವುದು ನಿಜಕ್ಕೂ ಒಳಗಿರುವ ಗಂಟೆಯ ಹೆಸರು, ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅನ್ನುತ್ತಾರೆ. ಗಡಿಯಾರ ಹಿಂದೆಮುಂದೆ ಆದರೆ ಲೋಲಕದ ಮೇಲೆ ಹಳೇ ಕಾಲದ ಪೆನ್ನಿ ನಾಣ್ಯ ಇಡುತ್ತಾರಂತೆ ಅಥವಾ ತೆಗೆಯುತ್ತಾರಂತೆ. ಒಂದು ಪೆನ್ನಿ ಇಟ್ಟರೆ ದಿನಕ್ಕೆ 0.4 ಸೆಕೆಂಡ್ ವೇಗ ಜಾಸ್ತಿ. ಕಂಪ್ಯೂಟರ್ ಕಾಲದಲ್ಲೂ ಚಿಲ್ಲರೆ ಕಾಸಿನಿಂದ ಸಮಯ ಸರಿಪಡಿಸುವ ಜನರನ್ನು ಕಂಡು ನನಗೆ ಒಂಥರಾ ಆತ್ಮೀಯತೆ ಹುಟ್ಟಿತು.

ಅಲ್ಲಿಂದ ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆದು ಹೋದೆವು. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಓಡುತ್ತಾ ಹೋಗುತ್ತಿದ್ದ ಒಬ್ಬ ಹುಡುಗಿ ನಿಂತು, ಇವರು ಯಾರು ಅಂತ ಕೇಳಿದಳು. ನನ್ನ ಹೆಂಡತಿ ಇಂಗ್ಲಿಷ್ ಹುಡುಕುತ್ತಾ ಹುಡುಕುತ್ತಾ ಕೊನೆಗೆ "ಅವರ್ ಬಸವಣ್ಣ" ಅಂದಳು. ಹುಡುಗಿ ತಲೆಯಾಡಿಸಿ ಕೈಮುಗಿದು ಓಡಿದಳು. ನಾನಾಗಿದ್ದರೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ.

ಮಗಳ ಮನೆಯಿಂದ ಆಕ್ಸ್‌ಫರ್ಡ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕಾಲೇಜುಗಳನ್ನೆಲ್ಲ ಸುತ್ತಿ ಕಾಲು ನೋವು ಬಂದಮೇಲೆ, "ರಾತ್ರಿ ಒಂಬತ್ತರವರೆಗೆ ಇರೋಣ" ಅಂತ ಹಟ ಹಿಡಿದೆ. ಕ್ರೈಸ್ಟ್ ಚರ್ಚ್ ಕಾಲೇಜಿನ ಬಾಗಿಲ ಮೇಲೆ ಟಾಮ್ ಟವರ್ ಇದೆ. ಅಲ್ಲಿಯ ಗಂಟೆ ದಿನಾ ರಾತ್ರಿ 101 ಸಲ ಹೊಡೆಯುತ್ತದೆ, ಹಿಂದೆ ಕಾಲೇಜಿನಲ್ಲಿದ್ದ ಅಷ್ಟು ವಿದ್ಯಾರ್ಥಿಗಳ ಲೆಕ್ಕಕ್ಕೆ. ಮಜಾ ಏನೆಂದರೆ ಅದು ಹೊಡೆಯುವುದು 9ಕ್ಕಲ್ಲ, 9 ಗಂಟೆ 5 ನಿಮಿಷಕ್ಕೆ. ಸೊನ್ನೆ ರೇಖಾಂಶದ ಗೆರೆ ಇರುವುದು ಲಂಡನ್ನಿನ ಗ್ರೀನಿಚ್‌ನಲ್ಲಿ, ದೇಶದ ಸಮಯದ ಲೆಕ್ಕ ಅಲ್ಲಿಂದಲೇ. ಆಕ್ಸ್‌ಫರ್ಡ್ ಗ್ರೀನಿಚ್‌ಗಿಂತ ಪಶ್ಚಿಮಕ್ಕಿದೆ, ಅಲ್ಲಿಯ ಸೂರ್ಯನ ಲೆಕ್ಕದಲ್ಲಿ ಸಮಯ ಐದು ನಿಮಿಷ ಹಿಂದೆ. ದೇಶವೆಲ್ಲ ಒಂದೇ ಸಮಯಕ್ಕೆ ಬಂದರೂ ಈ ಗಂಟೆ ಮಾತ್ರ ತನ್ನ ಹಳೇ ಹಟ ಬಿಟ್ಟಿಲ್ಲ. ಹಗಲು ಬೆಳಕಿನಲ್ಲೇ ನಿಂತು ಎಣಿಸಿದೆವು. ನನಗೆ 99 ಬಂತು, ಅವಳಿಗೆ 103. ಸರಾಸರಿ ಸರಿಯಾಯಿತು.

ಬ್ರಿಸ್ಟಲ್‌ಗೆ ಹೋದದ್ದೂ ಗಡಿಯಾರ ನೋಡಲಿಕ್ಕೇ. ಮಗಳಿಗೆ ಇದು ಅರ್ಥವಾಗಲೇ ಇಲ್ಲ. "ಜನ ಅಲ್ಲಿ ತೂಗು ಸೇತುವೆ ನೋಡೋಕೆ ಹೋಗ್ತಾರೆ ಅಪ್ಪ" ಅಂದಳು. ಕಾರ್ನ್ ಸ್ಟ್ರೀಟ್‌ನಲ್ಲಿ ಎಕ್ಸ್‌ಚೇಂಜ್ ಅನ್ನುವ ಹಳೇ ವ್ಯಾಪಾರದ ಕಟ್ಟಡವಿದೆ. ಮುಂದೆ ಕಂಚಿನ ನಾಲ್ಕು ಗುಂಡು ಮೇಜುಗಳಿವೆ. ವ್ಯಾಪಾರಿಗಳು ಅದರ ಮೇಲೆಯೇ ದುಡ್ಡು ಎಣಿಸುತ್ತಿದ್ದರಂತೆ, ನಮ್ಮವಳು ಚಪಾತಿ ಡಬ್ಬಿ ಇಟ್ಟಳು. ತಲೆ ಎತ್ತಿದರೆ ಗಡಿಯಾರ. ಅದಕ್ಕೆ ನಿಮಿಷದ ಮುಳ್ಳು ಎರಡು! ಒಂದು ಗ್ರೀನಿಚ್ ಸಮಯಕ್ಕೆ, ಇನ್ನೊಂದು 10 ನಿಮಿಷ ಹಿಂದಿರುವ ಬ್ರಿಸ್ಟಲ್ ಸಮಯಕ್ಕೆ.

ಇದನ್ನೆಲ್ಲ ಮಾಡಿದ್ದು ನಮ್ಮ ರೈಲು. ಅದಕ್ಕೂ ಮುಂಚೆ ಊರಿಗೊಂದು ಸಮಯ ಇದ್ದರೂ ಯಾರಿಗೂ ತೊಂದರೆ ಇರಲಿಲ್ಲ. ಕುದುರೆ ಗಾಡಿಗೆ ಹತ್ತು ನಿಮಿಷ ಯಾವ ಲೆಕ್ಕ? ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ತನ್ನ ಎಲ್ಲಾ ಸ್ಟೇಷನ್‌ಗಳಿಗೂ ಲಂಡನ್ ಸಮಯ ಹಾಕಿತು. ಬ್ರಿಸ್ಟಲ್ ಊರು 1852ರವರೆಗೂ ಒಪ್ಪಲಿಲ್ಲ. ಕಾನೂನು ಆದದ್ದು 1880ರಲ್ಲಿ. ನಮ್ಮಲ್ಲೂ ಹೀಗೇ ಇತ್ತಲ್ವಾ. ಮುಂಬೈಗೆ ಒಂದು ಸಮಯ, ಕಲ್ಕತ್ತಕ್ಕೆ ಒಂದು, ರೈಲುಗಳಿಗೆ ಮದ್ರಾಸ್ ಸಮಯ. ಈಗಿನ ಭಾರತೀಯ ಸಮಯ ಬಂದದ್ದು 1906ರ ಜನವರಿ 1ಕ್ಕೆ. ಒಂದೇ ಸಿಂಗಲ್ ಲೈನಿನಲ್ಲಿ ಎದುರುಬದುರು ಗಾಡಿ ಬಿಟ್ಟವನಿಗೆ ಗೊತ್ತು, ಇಬ್ಬರು ಮಾಸ್ಟರ್‌ಗಳ ಗಡಿಯಾರ ಬೇರೆಬೇರೆ ಇದ್ದರೆ ಏನಾಗುತ್ತದೆ ಅಂತ.

ಬರುವಾಗ ಬಾತ್‌ನಲ್ಲಿ ಇಳಿದೆವು. ರೋಮನ್ನರು ಕಟ್ಟಿದ ಸ್ನಾನದ ಕೊಳ, 46 ಡಿಗ್ರಿಯ ಬಿಸಿನೀರಿನ ಬುಗ್ಗೆ. ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥ ನೆನಪಾಯಿತು. ಇಲ್ಲಿ ಕೊಳದ ನೀರು ಮುಟ್ಟುವ ಹಾಗಿಲ್ಲ, ಕುಡಿಯಲು ಬೇರೆ ಕಡೆ ಕೊಡುತ್ತಾರೆ. ರುಚಿ ಹೇಳಬೇಕೆಂದರೆ, ಮೊಳೆ ನೆನೆಸಿದ ಬಿಸಿನೀರು.

ಯಾರ್ಕ್‌ಗೆ ಹೋಗುವ ದಿನ ನಮ್ಮ ಮೊದಲ ಗಾಡಿಯೇ ರದ್ದಾಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಇಲಾಖೆಯವನಾಗಿ ಇನ್ನೊಬ್ಬರ ಗಾಡಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ಡ್ರೈವರ್ ಸಿಗಲಿಲ್ಲವಂತೆ. ಪ್ಲಾಟ್‌ಫಾರಂನಲ್ಲಿ ಒಬ್ಬರೂ ಕೂಗಾಡಲಿಲ್ಲ, ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟು ಫೋನ್ ನೋಡಿಕೊಂಡರು. ನನಗೇ ಕೈಕಾಲು ಆಡದೆ ಮೇಲೆ ಕೆಳಗೆ ಓಡಾಡಿದೆ. ಆಮೇಲೆ ಗೊತ್ತಾಯಿತು, ಗಾಡಿ ತಡವಾದರೆ ಅರ್ಜಿ ಹಾಕಿ ಟಿಕೆಟ್ ದುಡ್ಡಿನಲ್ಲಿ ಒಂದು ಭಾಗ ವಾಪಸ್ ಪಡೆಯಬಹುದು. ಇದು ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಸ್ಟೇಷನ್ನನ್ನೇ ಮಾರಬೇಕಾಗುತ್ತಿತ್ತು.

ಯಾರ್ಕ್‌ನಲ್ಲಿ ನೋಡಬೇಕಾದ್ದು ದೊಡ್ಡ ಚರ್ಚು, ಊರ ಸುತ್ತಲಿನ ಕೋಟೆ ಗೋಡೆ, ಶ್ಯಾಂಬಲ್ಸ್ ಅನ್ನುವ ಇಕ್ಕಟ್ಟು ಬೀದಿ. ಅದನ್ನೆಲ್ಲ ಹೆಂಡತಿಯೂ ಮಗಳೂ ನೋಡಿದರು. ನಾನು ಬೆಳಿಗ್ಗೆ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಹೊಕ್ಕವನು, ಮುಚ್ಚುವಾಗ ಹೊರಗೆ ಬಂದೆ. ಪ್ರವೇಶ ಉಚಿತ. ದೊಡ್ಡ ಹಾಲ್‌ನ ನಡುವೆ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್, ಸುತ್ತ ಉಗಿಬಂಡಿಗಳು. ನೀಲಿ ಬಣ್ಣದ ಮ್ಯಾಲಾರ್ಡ್ ಅಲ್ಲಿದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ನಮ್ಮ ಲೆಕ್ಕದಲ್ಲಿ 203 ಕಿಲೋಮೀಟರ್ ಓಡಿದ್ದು. ಉಗಿ ಎಂಜಿನ್‌ಗಳಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ನಾನು ಹುಡುಗನಾಗಿದ್ದಾಗ ಅರಸೀಕೆರೆಯಲ್ಲಿ ಮೀಟರ್ ಗೇಜಿನ ಉಗಿಬಂಡಿ ನೀರು ಕುಡಿಯುವುದನ್ನು ನೋಡುತ್ತಾ ಶಾಲೆಗೆ ತಡವಾಗಿ ಹೋಗುತ್ತಿದ್ದೆ. ಆ ಎಣ್ಣೆ, ಕಬ್ಬಿಣ, ಹಳೇ ಮಸಿಯ ವಾಸನೆ ಇಲ್ಲಿ ಮತ್ತೆ ಮೂಗಿಗೆ ಬಂತು.

ಅಲ್ಲೊಬ್ಬರು ವಯಸ್ಸಾದ ಸ್ವಯಂಸೇವಕರು ಸಿಕ್ಕಿದರು. ಹಳೇ ಸಿಗ್ನಲ್ ಮ್ಯಾನ್ ಅಂತೆ. ನಾನು ಸ್ಟೇಷನ್ ಮಾಸ್ಟರ್ ಅಂದದ್ದೇ ತಡ, ನನ್ನ ಕೈ ಹಿಡಿದುಕೊಂಡರು. ಅವರ ಯಾರ್ಕ್‌ಷೈರ್ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗಲಿಲ್ಲ, ನನ್ನದು ಅವರಿಗೆ ಅರ್ಧ. ಆದರೆ ಬ್ಲಾಕ್, ಟೋಕನ್, ಲೈನ್ ಕ್ಲಿಯರ್, ಹೋಮ್, ಡಿಸ್ಟಂಟ್, ಇಷ್ಟು ಪದಗಳಲ್ಲೇ ಒಂದು ಗಂಟೆ ಮಾತಾಡಿದೆವು. ಲಿವರ್ ಎಳೆದ ಕೈಗಳು ಇಬ್ಬರವೂ ಒಂದೇ ಥರ ಒರಟು. ಅವರು ಸುಮ್ನೆ ನನ್ನ ಎಚ್‌ಎಂಟಿ ನೋಡಿ, "ತಪ್ಪು ತೋರಿಸುತ್ತಿದೆಯಲ್ಲ" ಅಂದರು. "ಇಲ್ಲ, ಸರಿಯಾಗೇ ಇದೆ, ಅರಸೀಕೆರೆಗೆ" ಅಂದೆ.

ಎಡಿನ್‌ಬರೋಗೆ ಹೋಗುವವರು ಗಾಡಿಯ ಬಲಗಡೆ ಕೂರಬೇಕು. ಮೊದಲು ಡರ್ಹಮ್‌ನ ಕತೀಡ್ರಲ್, ಮುಂದೆ ಬೆರಿಕ್‌ನಲ್ಲಿ ಟ್ವೀಡ್ ನದಿಯ ಮೇಲೆ 1850ರ 28 ಕಮಾನಿನ ಸೇತುವೆ, ಆಮೇಲೆ ಕಿಟಕಿ ತುಂಬಾ ಸಮುದ್ರ. ಡಬ್ಬಿ ತೆರೆದು ಪುಳಿಯೋಗರೆ ತಿಂದೆವು. ಎದುರಿನ ಸೀಟಿನ ಅಜ್ಜಿ ಮೂಗರಳಿಸಿ ನೋಡಿದರು, ಒಂದು ಚಮಚ ಕೊಟ್ಟೆವು. ಕಣ್ಣಲ್ಲಿ ನೀರು ಬಂದರೂ "ಲವ್ಲಿ" ಅಂದರು.

ವೇವರ್ಲಿ ಸ್ಟೇಷನ್‌ನಿಂದ ಮೇಲೆ ಹತ್ತಿ ಬಂದರೆ ಬಾಲ್ಮೋರಲ್ ಹೋಟೆಲಿನ ಗಡಿಯಾರ. ನಾನು ಮಗಳ ಫೋನ್ ನೋಡಿದೆ, ಗಡಿಯಾರ ನೋಡಿದೆ. ಮೂರು ನಿಮಿಷ ಮುಂದಿದೆ. ಕೆಟ್ಟಿಲ್ಲ, ಬೇಕೆಂದೇ ಹಾಗಿಟ್ಟಿದ್ದಾರೆ. 1902ರಲ್ಲಿ ಅದು ರೈಲ್ವೆ ಕಂಪನಿಯ ಹೋಟೆಲ್ ಆಗಿತ್ತು. ಜನ ಗಾಡಿ ತಪ್ಪಿಸಿಕೊಳ್ಳದಿರಲಿ ಅಂತ ಆಗಿನಿಂದ ಮೂರು ನಿಮಿಷ ಮುಂದೆ. ಡಿಸೆಂಬರ್ 31ರ ರಾತ್ರಿ ಮಾತ್ರ ಸರಿ ಮಾಡುತ್ತಾರೆ. ಪ್ಯಾಸೆಂಜರ್‌ಗಳ ಮೇಲೆ ಇಷ್ಟು ಕರುಣೆಯಿಂದ ಹೇಳಿದ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಮನೆಯ ಅಡುಗೆಮನೆ ಗಡಿಯಾರವೂ ಹತ್ತು ನಿಮಿಷ ಮುಂದೆಯೇ ಇದೆ, ಆದರೆ ಅದು ನನ್ನ ಮೇಲಿನ ಅನುಮಾನದಿಂದ.

ಕೋಟೆಯಲ್ಲಿ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ 1ಕ್ಕೆ ತೋಪು ಹಾರಿಸುತ್ತಾರೆ. ಹಡಗಿನವರು ಗಡಿಯಾರ ಹೊಂದಿಸಿಕೊಳ್ಳಲಿ ಅಂತ 1861ರಲ್ಲಿ ಶುರುವಾದದ್ದು. ಹನ್ನೆರಡಕ್ಕೆ ಯಾಕಲ್ಲ ಅಂದರೆ ಅಲ್ಲಿಯವರು ತಮಾಷೆ ಮಾಡುತ್ತಾರೆ, ಹನ್ನೆರಡು ಗುಂಡಿನ ಖರ್ಚು ಯಾರು ಕೊಡುತ್ತಾರೆ ಅಂತ. ಸದ್ದಿಗೆ ನಾನು ಬೆಚ್ಚಿಬಿದ್ದು ಕಾಫಿ ಚೆಲ್ಲಿಕೊಂಡೆ. ನಾಲ್ಕು ಪೌಂಡಿನ ಕಾಫಿ. ನೂರಕ್ಕಿಂತ ಜಾಸ್ತಿಯಿಂದ ಗುಣಿಸಿ ನೋಡಿ, ಹೊಟ್ಟೆ ಉರಿಯುತ್ತದೆ. ಅಲ್ಲಿ ಚಿಲ್ಲರೆಗೆ ಬಂದ ನೋಟುಗಳು ಸ್ಕಾಟ್ಲೆಂಡಿನ ಬ್ಯಾಂಕುಗಳವು, ಅಲ್ಲಿ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಲಂಡನ್ನಿನ ಅಂಗಡಿ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟ. ಅವನ ದೇಶದ ದುಡ್ಡೇ ಅವನಿಗೆ ಗೊತ್ತಿಲ್ಲ!

ಹೊರಡುವ ಎರಡು ದಿನ ಮುಂಚೆ ಗ್ರೀನಿಚ್. ಗುಡ್ಡ ಹತ್ತುವಾಗ ಹೆಂಡತಿ ಎರಡು ಕಡೆ ಕೂತಳು. "ಒಂದು ಗೆರೆ ನೋಡೋಕೆ ಇಷ್ಟು ಹತ್ತಬೇಕೇನ್ರೀ?" ಅಂದಳು. ಗೆರೆಯೂ ಪೂರ್ತಿ ನಿಜವಲ್ಲ. ಇವತ್ತಿನ ಜಿಪಿಎಸ್ ಸೊನ್ನೆ ರೇಖಾಂಶ ತೋರಿಸುವುದು ಅಲ್ಲಿಂದ 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನಲ್ಲಿ. ಒಳಗೆ ಜಾನ್ ಹ್ಯಾರಿಸನ್ ಅನ್ನುವ ಬಡಗಿ, ಹಡಗಿನವರು ಸಮುದ್ರದಲ್ಲಿ ರೇಖಾಂಶ ಕಂಡುಕೊಳ್ಳಲಿ ಅಂತ ಮಾಡಿದ ಗಡಿಯಾರಗಳಿವೆ. ಆ ಬಡಗಿಗೆ ಮನಸ್ಸಿನಲ್ಲೇ ಕೈಮುಗಿದೆ.

ಒಂದು ಗಂಟೆ ಹತ್ತಿರವಾದಾಗ ಹೊರಗೆ ಬಂದು ನಿಂತೆವು. ಛಾವಣಿಯ ಕಂಬದಲ್ಲಿ ಕೆಂಪು ಚೆಂಡು ಅರ್ಧ ಏರಿತು, ಪೂರ್ತಿ ಏರಿತು, ಸರಿಯಾಗಿ 1ಕ್ಕೆ ಇಳಿಯಿತು. ಹಡಗಿನವರಿಗೆ ಸಮಯ ತಿಳಿಸಲಿಕ್ಕೆ ಅಂತ 1833ರಲ್ಲಿ ಶುರುವಾದ ಕೆಲಸ. ತಿರುಗಿ ಗೇಟಿನ ಪಕ್ಕದ ಗಡಿಯಾರ ನೋಡಿದರೆ ಅಲ್ಲಿ ಇನ್ನೂ 12! ಅದು 24 ಗಂಟೆಯ ಡಯಲ್, ಮೇಲೆ ಸೊನ್ನೆ, ಕೆಳಗೆ ಹನ್ನೆರಡು. ಬೇಸಿಗೆಯಲ್ಲಿ ಬ್ರಿಟನ್ನಿನವರೆಲ್ಲ ಒಂದು ಗಂಟೆ ಮುಂದೆ ಹಾಕಿಕೊಂಡರೂ ಇದು ಮಾತ್ರ ವರ್ಷಪೂರ್ತಿ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ.

ನಾನು ಅಭ್ಯಾಸದಂತೆ ಕೈ ಚಾಚಿ ನನ್ನ ವಾಚು ನೋಡಿದೆ. ಐದೂವರೆ. ಎದುರಿಗೆ ನಿಂತಿದ್ದ ಹೆಂಡತಿ ಬಗ್ಗಿ, ಆ ಕಡೆಯಿಂದಲೇ ನೋಡಿ, "ನಿಮ್ಮದರಲ್ಲೂ ಹನ್ನೆರಡೇ ಅಲ್ವೇನ್ರೀ" ಅಂದಳು.

ವಾಚು ಬಿಚ್ಚಿ ತಲೆಕೆಳಗೆ ಹಿಡಿದೆ. ಹನ್ನೆರಡು! ನಿಮಿಷದ ಮುಳ್ಳು ಅರ್ಧ ಸುತ್ತು, ಗಂಟೆಯ ಮುಳ್ಳು ಅರ್ಧ ಸುತ್ತು, ಐದೂವರೆ ಗಂಟೆಯ ಅಂತರ ಹೆಚ್ಚುಕಡಿಮೆ ಹಾಗೇ ಕಳೆದುಹೋಗುತ್ತದೆ, ಗಂಟೆಯ ಮುಳ್ಳು ಮಾತ್ರ ಅರ್ಧ ಗಂಟೆಯಷ್ಟು ಹಿಂದೆ ನಿಲ್ಲುತ್ತದೆ. ಮೂರು ವಾರ ತಪ್ಪು ಸಮಯ ಅಂತ ಎಲ್ಲರ ಕೈಲೂ ಅನ್ನಿಸಿಕೊಂಡ ವಾಚು, ಆ ಗೇಟಿನ ಗಡಿಯಾರದ ಜೊತೆ ಮೊದಲಿನಿಂದಲೂ ಹೆಚ್ಚುಕಡಿಮೆ ಸರಿಯಾಗೇ ನಡೆದಿತ್ತು.

ಆ ದಿನ ಎಂಟು ಗಂಟೆಗೆ, ಅಂದರೆ ಅಲ್ಲಿಯ ಮೂರೂವರೆಗೆ, ಪಾರ್ಕಿನ ಬೆಂಚಿನಿಂದ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರವಾಗಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದಿರಲಿ, ಅವಳು ದೀಪ ಹಚ್ಚಿದಳಾ?" ಅಂದರು.