ನಗಿಸುವುದರಲ್ಲಿ ಗಂಡಸರೇ ಮುಂದಂತೆ, ಹೌದಾ?

ನಗೆಯ ಮೇಲಿನ ಸಂಶೋಧನೆಗಳನ್ನು ಓದುತ್ತೇನೆ ಎಂದು ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ಹೆಂಗಸರಿಗಿಂತ ಗಂಡಸರೇ ತಮಾಷೆಯವರು ಅಂತ ವಿಜ್ಞಾನವೇ ಹೇಳಿದೆಯಂತಲ್ಲ?"

ಹೇಳಿದ್ದು ನಿಜ. 2020ರಲ್ಲಿ ಮನೋವಿಜ್ಞಾನಿ ಗಿಲ್ ಗ್ರೀನ್‌ಗ್ರಾಸ್ ಮತ್ತು ಸಂಗಡಿಗರು 28 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡಸರು ಸ್ವಲ್ಪ ಮುಂದಿದ್ದರು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಕೊಡುವ ಕೆಲಸ ಯಾವುದು ಗೊತ್ತೇ? ಒಂದು ವ್ಯಂಗ್ಯಚಿತ್ರ ಮುಂದಿಟ್ಟು, ಇದಕ್ಕೊಂದು ನಗೆಸಾಲು ಬರೆಯಿರಿ ಎನ್ನುವುದು. ಗೆಳತಿಯರ ನಡುವೆ ನನ್ನ ಬಾಯಿಗೆ ತಡೆಯಿಲ್ಲ. ಹಾಗೆ ಒಂಟಿಯಾಗಿ ಕೂರಿಸಿದರೆ ಮಾತ್ರ ಹಾಳೆ ಖಾಲಿಯೇ ಉಳಿದೀತು.

ನಗು ಹುಟ್ಟುವ ಜಾಗವೇ ಬೇರೆ. ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಬೀದಿ, ಮಾಲ್‌ಗಳಲ್ಲಿ ಜನ ನಕ್ಕ 1,200 ಸಂದರ್ಭಗಳನ್ನು ಗುರುತು ಹಾಕಿಕೊಂಡಾಗ, ಜೋಕ್ ಎನ್ನಬಹುದಾದ ಮಾತಿನ ಬೆನ್ನಿಗೆ ಬಂದ ನಗು ಶೇಕಡಾ 20ನ್ನೂ ಮುಟ್ಟಲಿಲ್ಲ. ಮಿಕ್ಕದ್ದೆಲ್ಲ "ಬರ್ತೀನಿ, ಸಿಗೋಣ" ಎಂಬಂಥ ಸಪ್ಪೆ ಮಾತಿಗೆ! ಭಾಷಾವಿಜ್ಞಾನಿ ಜೆನಿಫರ್ ಹೇ ನ್ಯೂಜಿಲೆಂಡ್‌ನಲ್ಲಿ ಗೆಳೆಯ ಗೆಳತಿಯರ ಹರಟೆಯನ್ನೇ ರೆಕಾರ್ಡ್ ಮಾಡಿ 2000ದಲ್ಲಿ ಬರೆದರು: ತಮಗೇ ಆದ ಫಜೀತಿಗಳನ್ನು ಹೇಳಿಕೊಂಡು ನಗಿಸಿ ಹತ್ತಿರವಾಗುವುದು ಹೆಂಗಸರಲ್ಲಿ ಹೆಚ್ಚು. ಆ ಫಜೀತಿಯ ಕತೆಗೆ ಚಿತ್ರದಡಿಯ ಒಂದು ಸಾಲಿನಲ್ಲಿ ಎಲ್ಲಿಯ ಜಾಗ?

ಇನ್ನು ಆ ಸಾಲುಗಳಿಗೆ ಅಂಕ ಕೊಡುವ ತೀರ್ಪುಗಾರರ ಸಂಗತಿ. ಲಾರಾ ಮಿಕೆಸ್ ತಂಡ ಇದೇ ಚಿತ್ರ-ಸಾಲಿನ ಪರೀಕ್ಷೆ ನಡೆಸಿದಾಗ ಐದು ಅಂಕಗಳ ಅಳತೆಯಲ್ಲಿ ಗಂಡಸರ ಪರ ಸಿಕ್ಕ ಅಂತರ 0.11. ಅದೂ ಹೆಚ್ಚಾಗಿ ಗಂಡು ತೀರ್ಪುಗಾರರಿಂದ ಬಂದದ್ದು. ಆಮೇಲಿನದು ನನಗಿಷ್ಟವಾದ ಭಾಗ. ಯಾವ ಸಾಲು ಯಾರದೆಂದು ಮೊದಲೇ ತಿಳಿಸಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ, ಚೆನ್ನಾಗಿ ನಗಿಸಿದ ಸಾಲುಗಳನ್ನು ಜನ ತಪ್ಪಾಗಿ ಗಂಡಸರ ಖಾತೆಗೆ ಬರೆದರು. ಹೆಂಗಸರೂ ಹಾಗೇ ಮಾಡಿದರು, ಬಿಡಿ.

2019ರ ಇನ್ನೊಂದು ಪ್ರಯೋಗದಲ್ಲಿ ಒಬ್ಬ ನಟ, ಒಬ್ಬ ನಟಿ ಅಂಗಡಿಯ ಮ್ಯಾನೇಜರ್ ಪಾತ್ರದಲ್ಲಿ ಅದೇ ಭಾಷಣವನ್ನು ಅವೇ ಜೋಕ್‌ಗಳೊಂದಿಗೆ ವಿಡಿಯೋದಲ್ಲಿ ಒಪ್ಪಿಸಿದರು. ಜೋಕ್ ಸೇರಿದಾಗ ನೋಡಿದವರ ಕಣ್ಣಲ್ಲಿ ಅವನ ತೂಕ ಏರಿತು, ಅವಳದು ಇಳಿಯಿತು. ಇದನ್ನು ಕಂಡ ಹೆಣ್ಣೊಬ್ಬಳು ಸಭೆಯಲ್ಲಿ ಬಾಯಿ ಬಿಗಿದು ಕೂತರೆ, ಅದನ್ನು ಹಾಸ್ಯಪ್ರಜ್ಞೆಯ ಲೆಕ್ಕಕ್ಕೆ ಹೇಗೆ ಹಾಕುತ್ತೀರಿ ಎಂದು ಕೇಳಿದವರನ್ನೇ ತಿರುಗಿ ಕೇಳುತ್ತೇನೆ.